ಪ್ರತಿರೋಧ ಬೆಳೆದಿದೆ ಎಂದೆಯಲ್ಲ

ಘಾಟಬೋರಾಳ, ತಾ. ಹುಮನಾಬಾದ
೧೯-೧೧-೨೦೨೪, ಮಂಗಳವಾರ

ಮುದ್ದಿನ ಸ್ನೇಹಲಗೆ ಅವ್ವನ ಜೈಭೀಮ.

ನಿನ್ನ ಜ್ವರ ಬಿಟ್ಟಿತೇ? ಹಾಸ್ಟೆಲಿನ ಊಟ ಸೇರದಿದ್ದರೂ ಹಸಿದು ಮಲಗಬೇಡ. ಫೋನು ಮಾಡಬಹುದಿತ್ತು, ಆದರೆ ನಿಮ್ಮಪ್ಪ ಸ್ಪೀಕರ್ ಹಾಕಿಸಿ ಎದುರಿಗೇ ಕೂಡುತ್ತಾರೆ. ಅದಕ್ಕೇ ಅಂಗನವಾಡಿಯ ಮಕ್ಕಳು ಮಲಗಿದ ಹೊತ್ತಿನಲ್ಲಿ ಕಾಗದ ಹಿಡಿದಿದ್ದೇನೆ.

ನೀನು ಹೈದರಾಬಾದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದಾಗಿನಿಂದ ನಿಮ್ಮಪ್ಪನ ಮುಖದಲ್ಲಿ ಕಳೆ ಬಂದಿದೆ. ಬಸವಕಲ್ಯಾಣಕ್ಕೆ ಹೋಗಿ ನಿನ್ನ ಕೇಶರಬಾಯಿ ಅತ್ತೆಗೆ ಪೇಢೆ ಕೊಟ್ಟು ಬಂದರು. ‘ಪ್ರತಿರೋಧ ಬೆಳದೈತಂತ ಡಾಕ್ಟರ್ ಅಂದಾರ, ಸ್ನೇಹಲನೇ ಹೇಳ್ಯಾಳ’ ಎಂದು ಕಂಡವರಿಗೆಲ್ಲ ಹೇಳುತ್ತಾರೆ. ಕೊರೊನಾ ಕಾಲದಲ್ಲಿ ಅಂಗನವಾಡಿ ಗೋಡೆಯ ಮೇಲೆ ‘ರೋಗ ಪ್ರತಿರೋಧ ಶಕ್ತಿ ಬೆಳೆಸಿಕೊಳ್ಳಿ’ ಎಂದು ಬರೆಸಿದವಳು ನಾನು, ಸುಣ್ಣ ಬಳಿದವರು ಅವರು. ಆ ಮಾತು ಕೇಳಿ ಹಿಗ್ಗದೆ ಏನು ಮಾಡಿಯಾರು? ಆದರೆ ನನಗೆ ಅನುಮಾನ. ಶಕ್ತಿ ಬೆಳೆದಿದ್ದರೆ ಕೆಮ್ಮು ಯಾಕೆ ಹೆಚ್ಚಿತು? ಹುಮನಾಬಾದಿನ ಔಷಧದ ಅಂಗಡಿಯವನು ನಕಲಿ ಗುಳಿಗೆ ಕೊಟ್ಟನೇನೋ ಎಂದು ಅಂಗಡಿ ಬದಲಿಸಿದೆ. ನುಂಗದೆ ಬಚ್ಚಿಡುತ್ತಾರೇನೋ ಎಂದು ನಿಮ್ಮಪ್ಪನ ಹಾಸಿಗೆ ಕೊಡವಿದೆ. ಏನೂ ಸಿಗಲಿಲ್ಲ. ಉಳಿದವಳು ನೀನು.

ನಿನ್ನೆ ಆ ಆಸ್ಪತ್ರೆಯ ನರ್ಸ್ ಮೆಹರೀನ್‌ಗೆ ನಾನೇ ಫೋನು ಮಾಡಿದೆ. ‘ದವಾ ಕಾ ಅಸರ್ ನೈ ಹೋರಾ, ಅಮ್ಮಾ’ ಎಂದಳು, ಔಷಧ ನಾಟುತ್ತಿಲ್ಲವಂತೆ. ಬೆಳೆದದ್ದು ನಿಮ್ಮಪ್ಪನ ಶಕ್ತಿಯಲ್ಲ. ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಯೇ ಗುಳಿಗೆಯನ್ನು ತಡೆಯಲು ಕಲಿತಿದೆ. ಜೀವಕೋಶದೊಳಗೆ ಒಂದು ಬಗೆಯ ಆರ್‌ಎನ್‌ಎ ಇದೆಯಂತೆ. ಅದು ತಾನು ಯಾವ ಪ್ರೋಟೀನನ್ನೂ ಮಾಡುವುದಿಲ್ಲ, ಉಳಿದವುಗಳಿಗೆ ಹುಕುಂ ಮಾತ್ರ ಕೊಡುತ್ತದೆ. (ಥೇಟ್ ನಿನ್ನ ಕೇಶರಬಾಯಿ ಅತ್ತೆ. ಕುಟ್ಟುವುದಿಲ್ಲ, ಬೀಸುವುದಿಲ್ಲ, ಮನೆ ಮಾತ್ರ ಅವರು ಹೇಳಿದಂತೆ ನಡೆಯಬೇಕು.) ಗುಳಿಗೆ ನಾಟದಿರುವುದಕ್ಕೆ ಅಂಥದ್ದೂ ಕಾರಣವಿರಬಹುದು, ಗಡ್ಡೆಯ ಚೂರು ಮತ್ತೆ ತೆಗೆದು ನೋಡಿ ಬೇಗ ಬೇರೆ ಔಷಧ ಶುರು ಮಾಡಬೇಕು ಎಂದು ಡಾಕ್ಟರು ನಿನಗೆ ಹೇಳಿದ್ದರಂತೆ. ನರ್ಸಿಂಗ್ ಓದುವವಳಿಗೆ ಇದು ತಿಳಿಯಲಿಲ್ಲ ಎಂದರೆ ನಂಬಲೇ? ಅಪ್ಪನ ಮುಖ ನೋಡಿ ಅರ್ಧ ಮಾತು ನುಂಗಿದೆ, ಅಲ್ಲವೇ? ನಿನ್ನ ಮೇಲೆ ಸಿಟ್ಟಿದೆ. ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿದೆ.

ಮೈ ನೋಡಿಕೋ, ಚೆನ್ನಾಗಿ ಓದು. ನಿನ್ನ ಕೋಣೆಯ ಪೂನಂಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ ಅವ್ವ,
ಕಮಳಾಬಾಯಿ

ತಾ.ಕ.: ಹೈದರಾಬಾದಿಗೆ ಹೋಗೋಣ ಎಂದರೆ ‘ಆರಾಮ ಆಗೇನಿ, ಮತ್ಯಾಕ ಹೋಗೂದು’ ಎನ್ನುತ್ತಾರೆ. ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನೊಂದು ರೊಟ್ಟಿ ಕೇಳಿದರು. ಹಾಗೆ ಕೇಳಿ ಎಷ್ಟೋ ತಿಂಗಳಾಗಿತ್ತು. ಬಡಿಸಿದೆ. ಪತ್ರ ಮುಟ್ಟಿದ ದಿನವೇ ಬಸ್ಸು ಹತ್ತು, ಅವರಿಗೆ ಹೇಳುವುದು ನನ್ನ ಕೈಲಿ ಆಗುವುದಿಲ್ಲ.