ಕಂಪ್ಯೂಟರ್ ಎತ್ತಿದ ಚೀಟಿ

ಜೂನ್ ಎರಡು, ಭಾನುವಾರ

ಮಗಳೇ,

ನಿನಗೆ ನಿನ್ನ ಅಪ್ಪನ ಆಶೀರ್ವಾದಗಳು. ಇದರ ಕೆಳಗೆ ಇಲ್ಲಿ ಎಲ್ಲರೂ ಕ್ಷೇಮ, ನಿನ್ನ ಕ್ಷೇಮ ತಿಳಿಸು ಅಂತ ಬರೆಯಬೇಕು. ಬರೆಯಲ್ಲ. ಕ್ಷೇಮ ಅನ್ನುವ ಮಾತು ನಮ್ಮ ಮನೆಯಿಂದ ಎದ್ದುಹೋಗಿದೆ, ಅದು ನಿನಗೂ ಗೊತ್ತು.

ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ನಿನ್ನ ಕಾಗದವಾದರೂ ಅದೇನು ಕಾಗದ, ಒಂದೇ ಸಾಲು. "ಅಪ್ಪಾ, ಯಾರಿಗೆ ಯಾವ ಚಿಕಿತ್ಸೆ ಅಂತ ನೀನೇ ಆರಿಸಿದೆಯಾ?" ಓದಿದ ಕೂಡಲೇ ಸಿಟ್ಟು ನೆತ್ತಿಗೇರಿತು. ಹರಿದು ಬಿಸಾಕಿದೆ. ನಿಮ್ಮಮ್ಮ ಚೂರುಗಳನ್ನು ಹೆಕ್ಕಿ, ಅಡುಗೆಮನೆಯ ಕಟ್ಟೆಯ ಮೇಲೆ ಜೋಡಿಸಿ ಓದಿದಳು. "ಕೇಳಿದ್ದಕ್ಕೆ ಉತ್ತರ ಬರೀರಿ. ಬರೆಯೋವರೆಗೂ ನನ್ನ ಹತ್ರ ಮಾತಾಡಬೇಡಿ" ಅಂದಳು. ನನಗೂ ಹಠ. ಇಷ್ಟು ದಿನ ಈ ಮನೆಯಲ್ಲಿ ಬಾಯಿ ಬಿಟ್ಟದ್ದು ಕುಕ್ಕರ್ ಒಂದೇ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಈ ಪೆನ್ನಿನ ಕುಸ್ತಿ. ಐದನೇ ಕ್ಲಾಸಿಗೇ ಶಾಲೆಗೆ ಬೆನ್ನು ಹಾಕಿದವನು, ಬಸ್ ಡಿಪೋದಲ್ಲಿ ಇಂಜಿನ್ ಬಿಚ್ಚಿ ಜೋಡಿಸಿ ತಲೆ ನರೆಸಿಕೊಂಡವನು. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ಅವತ್ತು ನೀನು ಟ್ರೈನಿಂಗಿಗೆ ಅಂತ ರೈಲಿನಲ್ಲಿದ್ದೆ. ಎಷ್ಟು ಸಲ ಮಾಡಿದರೂ ಫೋನ್ ಸಿಗಲಿಲ್ಲ. ಅದು ನಿನ್ನ ತಪ್ಪಲ್ಲ. ನಡೆದದ್ದನ್ನು ನಿನಗೆ ಮೂರನೆಯವರು ಹೇಳಿದ್ದಾರೆ. ಈಗ ನನ್ನ ಬಾಯಿಂದ ಕೇಳು.

ಗೋಡೌನಿನ ಅಂಗಳದಲ್ಲಿ ಬಿಸಿಲಿಗೆ ನಿಂತ ಕಬ್ಬಿಣದ ಕಂಟೇನರ್. ಒಳಗೆ ಚಾವಣಿ ಮುಟ್ಟುವ ತನಕ ಟೈರು. ನಿನ್ನ ಗಂಡ, ನಿನ್ನ ತಮ್ಮ ಇಬ್ಬರೂ ಅದನ್ನು ಖಾಲಿ ಮಾಡುತ್ತಿದ್ದರು. ನಿನ್ನ ಗಂಡನನ್ನು ನಾನು ಮದುವೆಯ ದಿನದಿಂದ ಏಣಿ ಅಂತಲೇ ಕರೆದದ್ದು, ನೀನೂ ನಗುತ್ತಿದ್ದೆ. ಆ ಉದ್ದವೇ ಅವನನ್ನು ತಿಂದಿತು. ಮೇಲಿನ ಟೈರು ಕೈಗೆ ಎಟಕುತ್ತದೆ ಅಂತ ಕೊನೆಯ ಮೂಲೆಗೆ ಅವನೇ ಹೋಗುತ್ತಿದ್ದ. ನಿನ್ನ ತಮ್ಮ ಬಾಗಿಲ ಹತ್ತಿರ. ತಮ್ಮ ಕಾವಿಗೆ ತಲೆ ತಿರುಗಿ ಬಿದ್ದದ್ದು ಎಲ್ಲರಿಗೂ ಕಂಡಿತು, ಎತ್ತಿಕೊಂಡು ನೆರಳಿಗೆ ಓಡಿದರು. ಸ್ವಲ್ಪ ಹೊತ್ತಾದ ಮೇಲೆ ಯಾರೋ, "ಇನ್ನೊಬ್ಬ ಎಲ್ಲಿ?" ಅಂದರಂತೆ. ಆ ಸ್ವಲ್ಪ ಹೊತ್ತು ಎಷ್ಟು ಅಂತ ಕೇಳಬೇಡ. ನಾನು ಕೇಳಿದೆ, ಒಬ್ಬೊಬ್ಬರು ಒಂದೊಂದು ಹೇಳಿದರು.

ಆಸ್ಪತ್ರೆಗೆ ನಾನು ಓಡಿಹೋದಾಗ ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿದ್ದರು. ಏಣಿಯ ಕಾಲು ಮಂಚದಿಂದ ಆಚೆ ಚಾಚಿತ್ತು. ನಿನ್ನ ತಮ್ಮ ಕಣ್ಣು ಬಿಟ್ಟುಕೊಂಡೇ ಯಾರಿಗೋ ಬೈಯುತ್ತಿದ್ದ, ಎದುರಿಗಿದ್ದ ನನ್ನ ಗುರುತಿಲ್ಲ. ಹಣೆ ಮುಟ್ಟಿದೆ, ಸೈಲೆನ್ಸರ್ ಮುಟ್ಟಿದ ಹಾಗೆ ಕೈ ಹಿಂದೆ ಬಂತು. "ಇಷ್ಟು ಜ್ವರ ಇದೆ, ಮಾತ್ರೆ ಕೊಡ್ರಯ್ಯಾ" ಅಂತ ಕೂಗಾಡಿದೆ.

ಆಗ ಒಬ್ಬ ಡಾಕ್ಟರಮ್ಮ ಬಂದರು. ಬಿಸಿಲ ಹೊಡೆತ, ಮೈಯ ಕಾವು, ಇದರ ಮೇಲೇ ಸಂಶೋಧನೆ ಮಾಡುವವರು. "ಇದು ಜ್ವರ ಅಲ್ಲ, ಮಾತ್ರೆಗೆ ಬಗ್ಗಲ್ಲ. ಜ್ವರದಲ್ಲಿ ಮೈ ತಾನಾಗೇ ಕಾವು ಏರಿಸಿಕೊಳ್ಳುತ್ತೆ. ಇವರಿಗೆ ತಣ್ಣಗೆ ಮಾಡಿಕೊಳ್ಳೋ ವ್ಯವಸ್ಥೆನೇ ಕೆಟ್ಟು ನಿಂತಿದೆ" ಅಂದರು.

"ರೇಡಿಯೇಟರ್ ಹೋದ ಹಾಗಾ?"

"ಹಾಗೇ ಅಂದ್ಕೊಳ್ಳಿ. ಇಬ್ಬರ ಕಡೆಯಿಂದ ಯಾರಿದ್ದೀರಿ?"

"ನಾನೇ. ಇವನು ಮಗ, ಅವನು ಅಳಿಯ."

"ಇಬ್ಬರಿಗೂ ನೀವೊಬ್ಬರೇನಾ?" ಅಂದರು. ಆಮೇಲೆ ಬೇಗ ಬೇಗ ಹೇಳಿದರು. "ಎರಡು ದಾರಿ ಇದೆ. ಒಂದು, ಐಸ್ ನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೂ ಮುಳುಗಿಸೋದು. ಇನ್ನೊಂದು, ಒಳಗೆ ತಣ್ಣೀರು ಓಡೋ ತೆಳು ಹಾಸಿಗೆ ಮೈಗೆ ಸುತ್ತೋದು. ಎರಡೂ ಚಾಲ್ತಿಯಲ್ಲಿರೋದೇ. ಆದ್ರೆ ಇಷ್ಟು ಕೆಟ್ಟ ಸ್ಥಿತಿಯಲ್ಲಿ ಬಂದವರಿಗೆ ಯಾವುದು ವಾಸಿ ಅಂತ ನಮಗೆ ಗೊತ್ತಿಲ್ಲ. ಅದನ್ನೇ ಹುಡುಕ್ತಿದ್ದೀವಿ. ಯಾರಿಗೆ ಯಾವುದು ಅನ್ನೋದನ್ನ ಕಂಪ್ಯೂಟರ್ ಚೀಟಿ ಎತ್ತಿ ಹೇಳುತ್ತೆ. ಒಪ್ಪಿಗೇನಾ?"

"ಚೀಟಿನಾ? ಇದೇನು ಇಸ್ಪೀಟ್ ಆಟವೇನಮ್ಮಾ? ಅಷ್ಟು ಓದಿದ್ದೀರಲ್ಲ, ನೀವೇ ಆರಿಸಿ."

"ಗೊತ್ತಿದ್ರೆ ಆರಿಸ್ತಿದ್ದೆ. ಗೊತ್ತಿಲ್ಲದೆ ಆರಿಸಿದ್ರೆ ಅದೂ ಚೀಟೀನೇ, ನನ್ನ ತಲೆಯೊಳಗೆ ಎತ್ತಿದ್ದು ಅಷ್ಟೇ."

"ಹಾಗಾದ್ರೆ ನಾನು ಆರಿಸ್ತೀನಿ."

"ಆಗಲ್ಲ. ನೀವು ಒಪ್ಪದಿದ್ರೆ ಯಾವುದು ಮೊದಲು ಸಿದ್ಧ ಇರುತ್ತೋ ಅದನ್ನ ಮಾಡ್ತೀವಿ. ಚಿಕಿತ್ಸೆ ಅಂತೂ ನಿಲ್ಲಲ್ಲ. ಬೇಗ ಹೇಳಿ, ಒಳಗೆ ಬೇಯ್ತಿದ್ದಾರೆ."

ಬೇಯ್ತಿದ್ದಾರೆ ಅಂದರು ಮಗಳೇ, ನನ್ನ ಮುಖಕ್ಕೇ. ನಾನು ಅಷ್ಟಕ್ಕೇ ಬಿಡಲಿಲ್ಲ. "ಕಾದ ಇಂಜಿನ್ನಿಗೆ ತಣ್ಣೀರು ಹುಯ್ದರೆ ಬ್ಲಾಕ್ ಸೀಳಿಹೋಗುತ್ತೆ. ಆ ತಪ್ಪಿಗೆ ಡಿಪೋದಲ್ಲಿ ಎಷ್ಟು ಜನರ ಕೆನ್ನೆಗೆ ಬಾರಿಸಿದ್ದೀನಿ. ಐಸಿಗೆ ಹಾಕ್ತಾರಂತೆ ಐಸಿಗೆ!" ಅಂದೆ. "ಯಜಮಾನ್ರೇ, ಮನುಷ್ಯ ಕಬ್ಬಿಣ ಅಲ್ಲ" ಅಂದರು. ನನಗೆ ನಂಬಿಕೆ ಬರಲಿಲ್ಲ. ಆದರೆ ಗೊತ್ತಿಲ್ಲ ಅನ್ನುವುದನ್ನು ಗೊತ್ತಿಲ್ಲ ಅಂತಲೇ ಹೇಳುವ ಡಾಕ್ಟರನ್ನು ನಾನು ಈ ವಯಸ್ಸಿಗೆ ಮೊದಲ ಸಲ ನೋಡಿದ್ದು. ಇಬ್ಬರ ಒಪ್ಪಿಗೆ ಕಾಗದಕ್ಕೂ ರುಜು ಹಾಕಿಕೊಟ್ಟೆ. ಚೀಟಿ ಬಿತ್ತು. ನಿನ್ನ ತಮ್ಮನಿಗೆ ಐಸಿನ ತೊಟ್ಟಿ, ನಿನ್ನ ಗಂಡನಿಗೆ ಹಾಸಿಗೆ.

ಈಗ ನೀನೇ ಯೋಚಿಸು. ಆರಿಸುವುದು ನನ್ನ ಕೈಯಲ್ಲಿದ್ದಿದ್ದರೆ ಹೆತ್ತ ಮಗನನ್ನು ಆ ತೊಟ್ಟಿಗೆ ಹಾಕಲು ಬಿಡುತ್ತಿದ್ದೆನೇ? ಸತ್ತರೂ ಬಿಡುತ್ತಿರಲಿಲ್ಲ. ಹಾಸಿಗೆಯೇ ಬೇಕು ಅಂತ ಅಂಗಲಾಚುತ್ತಿದ್ದೆ. ಅವನನ್ನು ಸ್ಟ್ರೆಚರಿನಲ್ಲಿ ತಳ್ಳಿಕೊಂಡು ಹೋಗುವಾಗ ಒಳಗಿನಿಂದ ಐಸ್ ಸುರಿಯುವ ಸದ್ದು, ಜಲ್ಲಿ ಸುರಿದ ಹಾಗೆ. ಅಳಿಯನಿಗೆ ಒಳ್ಳೆಯದು ಬಿತ್ತು, ಮಗನಿಗೆ ಕೆಟ್ಟದ್ದು ಬಿತ್ತು ಅಂದುಕೊಂಡು ನಿಂತಿದ್ದೆ. ಇದು ಸತ್ಯ. ನಿನ್ನ ಪ್ರಶ್ನೆಗೆ ಉತ್ತರವೂ ಇದೇ. ನಾನು ಆರಿಸಲಿಲ್ಲ.

ನಿನ್ನ ಗಂಡನ ಕಾವು ಇಳಿಯಿತು, ಆದರೆ ಇಳಿಯುವಷ್ಟರಲ್ಲಿ ಒಳಗೆ ಎಲ್ಲ ಕೈಕೊಟ್ಟಿತ್ತು. ರಕ್ತ ಹೆಪ್ಪುಗಟ್ಟುವುದನ್ನೇ ಮರೆತಿತ್ತಂತೆ, ಸೂಜಿ ಚುಚ್ಚಿದ ಕಡೆಯೆಲ್ಲ ಒಸರುತ್ತಿತ್ತು. ಮಾರನೆಯ ದಿನ ನೀನು ಬಂದು ಕೈ ಹಿಡಿದುಕೊಂಡಾಗ ಅವನಿಗೆ ಗೊತ್ತಾಯಿತೋ ಇಲ್ಲವೋ, ನಾನು ಸುಳ್ಳು ಸಮಾಧಾನ ಹೇಳುವವನಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ನಾನೇ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಜಗಳಕ್ಕೇ ಹೋದದ್ದು. "ತೊಟ್ಟಿಯವನು ಉಳಿದ, ಹಾಸಿಗೆಯವನು ಹೋದ. ಈಗಲಾದ್ರೂ ಗೊತ್ತಾಯ್ತಾ ನಿಮಗೆ?" ಅಂದೆ. ಅವರು ಸಿಟ್ಟಾಗಲಿಲ್ಲ. "ನಿಮ್ಮ ಅಳಿಯ ಹೆಚ್ಚು ಹೊತ್ತು ಒಳಗೆ ಬಿದ್ದಿದ್ದರು. ಅದೇ ಕಾರಣ ಇರಬಹುದು, ಬೇರೆ ಏನೋ ಇರಬಹುದು. ಇಬ್ಬರನ್ನ ನೋಡಿ ಏನೂ ಹೇಳಕ್ಕಾಗಲ್ಲ ಯಜಮಾನ್ರೇ. ಇನ್ನೂ ಬಹಳ ಜನ ಬೇಕು" ಅಂದರು.

"ನಮ್ಮ ಮನೇಲಿ ಇದ್ದಿದ್ದೇ ಇಬ್ಬರು" ಅಂದೆ.

ಜಗಳ ಅಲ್ಲಿಗೆ ಮುಗಿಯಿತು. ಬರುವಾಗ ನೋಡಿದೆ, ಬಾಗಿಲ ಹತ್ತಿರ ಇನ್ನೊಬ್ಬನನ್ನು ಇಳಿಸುತ್ತಿದ್ದರು. ರಸ್ತೆಗೆ ಡಾಂಬರು ಹಾಕುವವನಂತೆ. ಅವನ ಜೊತೆ ಬಂದವನು ಮಾತ್ರೆ, ಮಾತ್ರೆ ಅಂತ ಕೂಗುತ್ತಿದ್ದ.

ನಿನ್ನ ತಮ್ಮ ಉಳಿದ ಅಂದೆನಲ್ಲ, ಉಳಿದದ್ದು ಹೇಗೆ ಅಂತಲೂ ಕೇಳು. ಮಿದುಳಿನಲ್ಲಿ ಮೈಯ ತೂಕ ಸಂಭಾಳಿಸುವ ಭಾಗ ಬೆಂದಿದೆಯಂತೆ. ಕುಡಿಯದೇ ಕುಡಿದವನ ಹಾಗೆ ನಡೆಯುತ್ತಾನೆ. ನಾಲಿಗೆ ತೊಡರುತ್ತದೆ. ಆಸ್ಪತ್ರೆಯಲ್ಲಿ ಬೆರಳಿನಿಂದ ಮೂಗು ಮುಟ್ಟು ಅನ್ನುತ್ತಾರೆ, ಅವನು ಕಣ್ಣಿಗೆ ಚುಚ್ಚಿಕೊಳ್ಳುತ್ತಾನೆ. ನಿಮ್ಮಮ್ಮ ಅನ್ನ ಕಲಸಿ ಬಾಯಿಗಿಡುತ್ತಾಳೆ. ಗೋಡೆಯ ಕಡೆ ತಿರುಗಿ ತಿನ್ನುತ್ತಾನೆ. ನಿನ್ನೆ ಏನೋ ಹೇಳಿದ. ಅರ್ಥವಾಗಲಿಲ್ಲ, ನಾನು ರೇಗಿದೆ. ಮತ್ತೆ ಹೇಳಿದ. "ಭಾವ ಒಳಗಿದ್ದಾರೆ ಅಂತ ನಾನೇ ಹೇಳಬೇಕಿತ್ತು." ನೀನು ಬಿದ್ದುಹೋಗಿದ್ದೆ ಕಣೋ, ಹೇಗೆ ಹೇಳ್ತಿದ್ದೆ ಅಂದೆ. ಕೇಳಿಸಿಕೊಳ್ಳುವುದಿಲ್ಲ. ನನ್ನ ಮಾತು ಅವನಿಗೆ ನಾಟುವುದಿಲ್ಲ. ನಿನ್ನ ಮಾತು ನಾಟೀತು. ನನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಇರಲಿ, ಅವನಿಗೊಂದು ಫೋನ್ ಮಾಡು.

ಬಿಸಿಲಿನಲ್ಲಿ ತಿರುಗಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಈಗಿರುವ ಬಾಡಿಗೆ ಕೋಣೆಗೆ ಕಿಟಕಿ ಇಲ್ಲ ಅಂತ ನಿಮ್ಮಮ್ಮ ಹೇಳಿದಳು, ಕಿಟಕಿ ಇರುವ ಕೋಣೆ ನೋಡಿಕೋ. ನಿನ್ನ ಮುಂದೆ ಇನ್ನೂ ಉದ್ದ ಬದುಕಿದೆ. ಅದು ನಿನ್ನನ್ನು ಇಷ್ಟು ಹಿಂಡದಿರಲಿ ಅಂತ ಹರಸುತ್ತೇನೆ.

ಇಂತಿ,
ನಿನ್ನ ಅಪ್ಪ

ಮರೆತದ್ದು: ಮರೆತದ್ದಲ್ಲ. ಮೇಲಿನದನ್ನು ನಿಮ್ಮಮ್ಮ ಓದಿದಳು, ಚೆನ್ನಾಗಿ ಬರೆದಿದ್ದೀರಿ ಅಂದಳು, ಮಾತು ಬಿಟ್ಟ ಮೇಲೆ ಮೊದಲ ಸಲ ನನಗೆ ಕಾಫಿ ಮಾಡಿಕೊಟ್ಟಳು. ಇದನ್ನು ಅವಳು ಓದಿಲ್ಲ.

ಅವತ್ತು ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದ ಮೇಲೆ ನಾನೊಬ್ಬನೇ ಬೆಂಚಿನ ಮೇಲೆ ಕೂತಿದ್ದೆ. ಒಬ್ಬಳು ನರ್ಸ್ ಹುಡುಗಿ ಬಾಗಿಲಿನಿಂದ ತಲೆ ಹೊರಗೆ ಹಾಕಿ, "ನಿಮ್ಮವರಲ್ಲಿ ಒಬ್ಬರು ತಣ್ಣಗಾದ್ರು" ಅಂದಳು. ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು, ಹೋಗಿಬಿಟ್ಟಳು. ಮೈ ತಣ್ಣಗಾಯಿತು ಅಂದರೆ ನಮ್ಮ ಬಾಯಲ್ಲಿ ಏನರ್ಥ? ಹೋದ ಅಂತಲೇ ಅಲ್ಲವೇ? ಒಬ್ಬ ಹೋದ. ಯಾರು ಅಂತ ಅವಳು ಹೇಳಲಿಲ್ಲ.

ಏಣಿ ಆಗಿರಲಿ ದೇವರೇ, ಅಂದೆ.

ಗಟ್ಟಿಯಾಗೇ ಅಂದೆ ಅಂತ ಕಾಣುತ್ತದೆ, ಪಕ್ಕದ ಹೆಂಗಸು ತಿರುಗಿ ನೋಡಿದಳು. ಆ ನರ್ಸ್ ಮತ್ತೆ ಬಂದು, "ಯಾಕೆ ತಾತ ಅಳ್ತೀರಿ? ಒಳ್ಳೇ ಸುದ್ದಿ ಅಲ್ವಾ? ನಿಮ್ಮ ಮಗನ ಮೈಕಾವು ಇಳೀತು. ಇನ್ನೊಬ್ಬರದು ಇನ್ನೂ ಇಳೀಬೇಕು" ಅಂದಳು.

ಚೀಟಿ ಎತ್ತಿದ್ದು ಕಂಪ್ಯೂಟರೇ, ಅದರಲ್ಲಿ ಸುಳ್ಳಿಲ್ಲ. ನಾನು ಆರಿಸಿದ್ದು ಆಮೇಲೆ, ಬೆಂಚಿನ ಮೇಲೆ. ಆಗ ಇಬ್ಬರೂ ಉಸಿರಾಡುತ್ತಿದ್ದರು.