ಹುಬ್ಬಳ್ಳಿಯ ಪಾಲಿನ ಒಂಬತ್ತು ನಿಮಿಷ

ಹುಬ್ಬಳ್ಳಿ,
ಹದಿಮೂರನೆಯ ತಿಂಗಳ ಮೂವತ್ತೆರಡನೆಯ ತಾರೀಕು,
ನೆರಳೆಣಿಕೆಯ ತೊಂಬತ್ತನಾಲ್ಕನೆಯ ವರ್ಷ.

ಹೆಣ್ಣುಮಕ್ಕಳ ಫುಟ್‌ಬಾಲ್ ಅರ್ಹತಾ ಪಂದ್ಯವಿರುವ ದಿನ ಫೋನಿನಲ್ಲಿ ಸ್ಕೋರು ಹುಡುಕಿ, ಸಿಗದೆ ಬೈದುಕೊಳ್ಳುವ ಹಿಂದಿನ ಕಾಲದ ಅಕ್ಕ-ತಂಗಿಯರಿಗೆ, ಅಣ್ಣ-ತಮ್ಮಂದಿರಿಗೆ ಇಂದುಮತಿ ಹಡಪದ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ಸುಡುಬಿಸಿಲಿನ ದಿನಗಳು ಮಿತಿಮೀರಿದ ಮೇಲೆ ಅವಕ್ಕೇ ಒಂದು ಬೇರೆ ತಿಂಗಳು ಮಾಡಿದ್ದಾರೆ. ಅದು ಎಷ್ಟು ದಿನ ಇರುತ್ತದೆ ಎಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಮೋಡ ಕಂಡ ದಿನ ಮುಗಿಯುತ್ತದೆ. ನನ್ನ ಇನ್ನೂ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಸಾಧ್ಯವಾದ ಕಡೆ ಬಿಡಿಸಿ ಹೇಳುತ್ತೇನೆ. ಈ ಪತ್ರ ಬರುತ್ತಿರುವುದು ಹಿಂದಂಚೆಯಲ್ಲಿ. ಅರವತ್ತು ತುಂಬಿದವರಿಗೆ ಹಿಂದಿನ ಕಾಲಕ್ಕೆ ಒಂದೇ ಒಂದು ಪತ್ರ ಹಾಕುವ ಅವಕಾಶ ಉಂಟು. ಹೆಚ್ಚಿನವರು ತಮ್ಮ ಮುತ್ತಜ್ಜನಿಗೆ ಬರೆದು, ಹೊಲದ ಗಡಿಕಲ್ಲು ಎಲ್ಲಿತ್ತು ಎಂದು ಕೇಳುತ್ತಾರೆ. ನನಗೆ ಹೊಲವೂ ಇಲ್ಲ, ಗಡಿಯೂ ಇಲ್ಲ. ಇರುವುದು ಒಂದು ಗಂಟಲು, ಅದೇ ನನ್ನನ್ನು ಕೆಡಿಸಿತು.

ಇವತ್ತು ವಿಶ್ವಕಪ್ ಅರ್ಹತೆಯ ಕೊನೆಯ ಪಂದ್ಯ. ಆಟಕ್ಕೆ ಮುಂಚೆ ನಮ್ಮ ದೇಶದ ಹನ್ನೊಂದು ಹುಡುಗಿಯರ ಪಟ್ಟಿ ಓದುತ್ತಾರೆ. ಅದರಲ್ಲಿ ನಮ್ಮೂರ ರಾಬಿಯಾ ನದಾಫಳ ಹೆಸರು ಇರುತ್ತದೋ ಇಲ್ಲವೋ ಎಂದು ಕಾಯುತ್ತ ಕುಳಿತಿದ್ದೇನೆ. ಇಲ್ಲದಿದ್ದರೆ ಅದಕ್ಕೆ ಕಾರಣ ನಾನೇ, ಬೇರೆ ಯಾರೂ ಅಲ್ಲ. ಕೈ ಸುಮ್ಮನಿದ್ದರೆ ಉಗುರು ಕಚ್ಚುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಹಾಗೆ ನಾವು ಮೈದಾನಕ್ಕೆ ಹೋಗಿ ಪಂದ್ಯ ನೋಡುವಂತಿಲ್ಲ. ಆಡುವವರಿಗೆ ತಂಪು ಗಾಳಿ ಊದುವುದೇ ಕಷ್ಟ, ಇನ್ನು ನೋಡುವ ಸಾವಿರಾರು ಜನಕ್ಕೆ ಎಲ್ಲಿಂದ ತರುವುದು? ಆದರೆ ಕೂಗಿಲ್ಲದ ಆಟ ಉಪ್ಪಿಲ್ಲದ ಸಾರು. ಆದ್ದರಿಂದ ದೇಶದಲ್ಲಿ ಹತ್ತು ಊರುಗಳಿಗೆ ಒಂದೊಂದು ಕೂಗುಮನೆ ಕೊಟ್ಟಿದ್ದಾರೆ. ನಮ್ಮದು ಹಳೆಯ ರೈಲ್ವೆ ವರ್ಕ್‌ಶಾಪಿನ ಶೆಡ್ಡು. ಒಳಗೆ ನೆಲದ ಮೇಲೆ ಇಡೀ ಮೈದಾನ ಬೆಳಕಾಗಿ ಮೂಡುತ್ತದೆ. ಆಟಗಾರ್ತಿಯರು ಹೆಬ್ಬೆರಳಷ್ಟು ಎತ್ತರ, ಚೆಂಡು ಜೋಳದ ಕಾಳಿನಷ್ಟು. ಚೌಕಾಬಾರದ ಸುತ್ತ ಕೂತ ಹಾಗೆ ನಾಲ್ಕುನೂರು ಜನ ಮೆಟ್ಟಿಲುಗಳ ಮೇಲೆ ಸುತ್ತ ಕೂರುತ್ತೇವೆ. ಚಪ್ಪಲಿ ಹೊರಗೆ ಬಿಡಬೇಕು, ಮೈದಾನವನ್ನು ದಾಟಬಾರದು, ಚುರುಮುರಿ ಚೆಲ್ಲಬಾರದು. ಚೆಲ್ಲಿದರೆ ನಮ್ಮ ಸೆಂಟರ್ ಫಾರ್ವರ್ಡ್ ಮಂಡಕ್ಕಿಯ ನಡುವೆ ಓಡಬೇಕಾಗುತ್ತದೆ, ನೋಡಲಾಗುವುದಿಲ್ಲ.

ಚಾವಣಿಯಿಂದ ಒಂದು ಕೊಂಬು ಇಳಿಬಿದ್ದಿದೆ. ನಮ್ಮ ಕೂಗು ಅದರ ಮೂಲಕ ಆ ಕ್ಷಣಕ್ಕೇ ಅಲ್ಲಿಯ ಮೈದಾನಕ್ಕೆ ಹೋಗುತ್ತದೆ. ಹತ್ತೂ ಮನೆ ಒಟ್ಟಿಗೆ ಕೂಗಿದರೆ ಸಂತೆಯಾಗುತ್ತದೆ ಎಂದು ತೊಂಬತ್ತು ನಿಮಿಷವನ್ನು ಹಂಚಿದ್ದಾರೆ. ಒಂದು ಮನೆಗೆ ಒಂಬತ್ತು ನಿಮಿಷ. ಇದಕ್ಕೆ ಕೂಗುಪಾಲು ಎನ್ನುತ್ತೇವೆ. ಚೀಟಿ ಎತ್ತಿ ಹಂಚಿದಾಗ ಹುಬ್ಬಳ್ಳಿಗೆ ಬಂದದ್ದು ಕಟ್ಟಕಡೆಯ ಒಂಬತ್ತು, ಎಲ್ಲರೂ ಹೊಟ್ಟೆಕಿಚ್ಚು ಪಡುವ ಪಾಲು. ಕೊಂಬಿನ ಬಾಯಿಗೆ ನೇರವಾಗಿ ನಿಂತು ಉಳಿದವರಿಗೆ ಕೂಗು ಎತ್ತಿಕೊಡುವವಳು ಮೊದಲಕೂಗಿನವಳು. ಹತ್ತೊಂಬತ್ತು ವರ್ಷ ಆ ಜಾಗ ನನ್ನದಾಗಿತ್ತು. ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ? ನಿಯಮ ಒಂದೇ: ಹೆಸರು ಕೂಗಬಹುದು, ಶಹಬ್ಬಾಸ್ ಅನ್ನಬಹುದು, ಆದರೆ ಹೀಗೆ ಆಡು, ಹಾಗೆ ಒದೆ ಎಂದು ಸೂಚನೆ ಕೊಡಬಾರದು. ಕೊಟ್ಟರೆ ಆ ಮನೆಗೆ ಬೀಗ.

ಇನ್ನು ರಾಬಿಯಾಳ ವಿಚಾರ. ಅವಳು ಗಾದಿ ಹೊಲಿಯುವ ಮಾಬುಬಿಯ ಮಗಳು. ಏಳು ವರ್ಷದವಳಿದ್ದಾಗ ರೈಲ್ವೆ ಮೈದಾನಕ್ಕೆ ಬಂದು, ಆಡಿಸಿದರೆ ಆಡುತ್ತೇನೆ, ಇಲ್ಲದಿದ್ದರೆ ಚೆಂಡು ಒಯ್ಯುತ್ತೇನೆ ಎಂದು ಹೆದರಿಸಿದವಳು. ನೆರಳುಹೊತ್ತಿನಲ್ಲಿ, ಅಂದರೆ ಹೊರಗೆ ಕಾಲಿಡಲು ಅಪ್ಪಣೆಯಿರುವ ಆ ಎರಡು ತಾಸಿನಲ್ಲಿ, ಹುಡುಗಿಯರಿಗೆ ಆಟ ಕಲಿಸುತ್ತಿದ್ದವಳು ನಾನೇ. ಡಿಫೆನ್ಸಿನವರಿಗೆ ನಾನು ಕಲಿಸಿದ ಮೊದಲ ಪಾಠ ಒಂದು ಶಬ್ದ. ಹಿಂದಿನಿಂದ ಗೋಲ್‌ಕೀಪರ್ "ಬಿಡು!" ಅಂದರೆ ಚೆಂಡು ಅವಳದು, ಮುಟ್ಟಬಾರದು. "ಬಿಡು ಅಂದ್ರ ಬಿಡು. ಹೊಳ್ಳಿ ನೋಡಬ್ಯಾಡ, ವಿಚಾರ ಮಾಡಬ್ಯಾಡ" ಎಂದು ಹೇಳಿ ಹೇಳಿ ಅವಳ ಮೊಣಕಾಲಿಗೇ ಆ ಮಾತು ಅರ್ಥವಾಗುವಂತೆ ಮಾಡಿದ್ದೆ.

ಕೊನೆಯ ಸುತ್ತಿನಲ್ಲಿ ಏಳು ದ್ವೀಪಗಳ ಕೂಟದ ತಂಡದ ಜೊತೆ ಎರಡು ಪಂದ್ಯ. ಮೊದಲನೆಯದು ಎಂಟು ದಿನದ ಹಿಂದೆ ಆಯಿತು. ಎಂಬತ್ತೊಂದನೆಯ ನಿಮಿಷಕ್ಕೆ ನಮ್ಮ ಕೊಂಬು ತೆರೆಯಿತು. ಆಗ ಸೊನ್ನೆ-ಸೊನ್ನೆ. ಆ ಒಂಬತ್ತು ನಿಮಿಷದಲ್ಲಿ ನನಗೆ ನನ್ನ ಹೆಸರೂ ನೆನಪಿರುವುದಿಲ್ಲ. ಎಂಬತ್ತಾರನೆಯ ನಿಮಿಷ ಚೆಂಡು ರಾಬಿಯಾಳ ಕಾಲ ಕಡೆಗೆ ಉರುಳುತ್ತ ಬಂತು. ದ್ವೀಪದ ಹುಡುಗಿಯೊಬ್ಬಳು ಅವಳ ಕಡೆ ಓಡಿ ಬರುತ್ತಿದ್ದಳು. ಮೇಲಿನಿಂದ ನೋಡುವವರಿಗೆ ಎಲ್ಲವೂ ಸಲೀಸು: ಆಚೆ ತುದಿಯಲ್ಲಿ ಅವರ ಗೋಲ್‌ಕೀಪರ್ ತನ್ನ ಜಾಗ ಬಿಟ್ಟು ಮುಂದೆ ಬಂದಿದ್ದಾಳೆ, ಹಿಂದೆ ಗೋಲು ಬಾಗಿಲು ತೆಗೆದ ಮನೆಯಾಗಿದೆ! ಒಂದು ಉದ್ದನೆಯ ಒದೆ ಸಾಕು. ಬಾಣ ಬಿಡು ಅನ್ನುತ್ತೇವಲ್ಲ, ಕಪಾಳಕ್ಕೊಂದು ಬಿಡು ಅನ್ನುತ್ತೇವಲ್ಲ, ಅದೇ ಅರ್ಥದಲ್ಲಿ ನಾನು ಎದ್ದುನಿಂತು ಪ್ರಾಣ ಹೋಗುವ ಹಾಗೆ ಕಿರುಚಿದೆ: "ಬಿಡು! ರಾಬಿ, ಬಿಡಽ!"

ಅವಳು ಬಿಟ್ಟಳು.

ಕಾಲು ಎತ್ತಿ ಚೆಂಡನ್ನು ಹಿಂದಕ್ಕೆ ಹೋಗಗೊಟ್ಟಳು. ನಮ್ಮ ಗೋಲ್‌ಕೀಪರ್ ಮಿಜೋರಾಮಿನ ಹುಡುಗಿ, ಅವಳಿಗೆ ಕನ್ನಡದ ಒಂದಕ್ಷರ ಬಾರದು, ಅವಳು ಹಾಗೆ ಕೂಗಿರಲು ಸಾಧ್ಯವೇ ಇಲ್ಲ ಎಂದು ಯೋಚಿಸಲು ಅರ್ಧ ಕ್ಷಣ ಬೇಕಿತ್ತು. ವಿಚಾರ ಮಾಡಬೇಡ ಎಂದು ಕಲಿಸಿದವಳು ನಾನೇ ತಾನೆ. ದ್ವೀಪದ ಹುಡುಗಿ ಚೆಂಡನ್ನು ಹಿಡಿದು ಗೋಲಿಗೆ ತಳ್ಳಿದಳು. ಉಳಿದ ಹತ್ತು ಮಂದಿಗೆ ನನ್ನ ಕೂಗು ಬರೀ ಗದ್ದಲ. ಅದು ಮಾತಾಗಿ ಕೇಳಿಸಿದ್ದು ಇಡೀ ಮೈದಾನದಲ್ಲಿ ಒಬ್ಬಳಿಗೆ. ಶೆಡ್ಡಿನಲ್ಲಿ ನಾಲ್ಕುನೂರು ಜನ ನೆಲ ನೋಡುತ್ತಿದ್ದರು, ಯಾರೂ ನನ್ನ ಮುಖ ನೋಡಲಿಲ್ಲ.

ಮರುದಿನದಿಂದ ದೇಶಕ್ಕೆಲ್ಲ ಒಂದೇ ಪ್ರಶ್ನೆ: ಅವಳು ಯಾಕೆ ಬಿಟ್ಟಳು? ಹೆದರಿದಳು ಎಂದರು, ಅಹಂಕಾರ ಎಂದರು. ಬೇಕೆಂದೇ ಬಿಟ್ಟುಕೊಟ್ಟಳು ಎಂದೂ ಒಬ್ಬ ಅಂದ. ಅವನ ನಾಲಿಗೆಗೆ ಮೆಣಸಿನಪುಡಿ ಹಾಕಬೇಕು ಅನ್ನಿಸಿತು. ಆಮೇಲೆ, ಮೊದಲು ಹಾಕಬೇಕಾದದ್ದು ನನ್ನ ನಾಲಿಗೆಗೆ ಎಂದು ಹೊಳೆಯಿತು. ಆಟದ ಮಂಡಳಿ ರಾಬಿಯಾಳನ್ನು ಕರೆದು ಕೇಳಿತು. ಕಾರಣ ಹೇಳದಿದ್ದರೆ ಎರಡನೆಯ ಪಂದ್ಯಕ್ಕೆ ಇಲ್ಲ, ಬಹುಶಃ ಮುಂದೆಯೂ ಇಲ್ಲ ಎಂದಿತು. ಅವಳು ಹೇಳಿದ್ದು "ತಪ್ಪು ನಂದು" ಎಂದಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ನನ್ನ ಬಾಯಿಯ ತಪ್ಪಿಗೆ ಅವಳಿಗೆ ಬರೆ ಬಿತ್ತು.

ಅಂದು ಸಂಜೆ ಕೂಗುಮನೆಯ ಯಜಮಾನ ಫಕೀರಪ್ಪ ಜಾಲಿಹಾಳ ಎಲ್ಲರನ್ನೂ ಕೂಡಿಸಿದ. ಕೆಟ್ಟವನಲ್ಲ ಅವನು. ಆ ಶೆಡ್ಡಿನ ಒಂದೊಂದು ಮೆಟ್ಟಿಲನ್ನೂ ಕೈಯಾರೆ ಕಟ್ಟಿದವನು.

"ಇಂದಕ್ಕಾ, ಸುಮ್ನ ಕುಂಡ್ರವಾ" ಅಂದ. "ಸೂಚನಾ ಕೊಟ್ಟೇವಿ ಅಂತ ಗೊತ್ತಾತಂದ್ರ ಮನಿಗೆ ಬೀಗಾ ಬೀಳ್ತೈತಿ. ಹುಡುಗಿ ಇನ್ನಾ ಸಣ್ಣಕಿ ಅದಾಳ, ಮತ್ತೊಮ್ಮೆ ಆಡ್ತಾಳ. ಊರಿನ ಕೂಗು ಒಮ್ಮೆ ಹೋತಂದ್ರ ಹೋತು."

ನಾಲ್ಕುನೂರು ತಲೆಗಳು ಅಲ್ಲಾಡಿದವು. ಅವುಗಳಲ್ಲಿ ನನ್ನದೂ ಒಂದು. ಮೂರು ದಿನ ನಾನು ಬಾಯಿ ಬಿಡಲಿಲ್ಲ. ಊರಿಗೋಸ್ಕರ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳುತ್ತೇನೆ, ಊರಿಗೋಸ್ಕರ ಅಲ್ಲ. ಕೊಂಬಿನ ಕೆಳಗಿನ ಆ ಜಾಗ ಹೋದರೆ ನಾನು ಯಾರೂ ಅಲ್ಲ ಎಂಬ ಭಯ.

ನಾಲ್ಕನೆಯ ದಿನ ನೀರಿನ ಪಾಳಿಯಲ್ಲಿ ಮಾಬುಬಿ ನನ್ನ ಹಿಂದೆ ನಿಂತಿದ್ದಳು. ನಾವು ಒಂದೇ ಓಣಿಯವರು, ಒಂದೇ ವಾರಿಗೆಯವರು. ಏನಾದರೂ ಹೇಳಬೇಕಲ್ಲ ಎಂದು ಮಗಳು ಹೇಗಿದ್ದಾಳೆ ಅಂದೆ. ನನ್ನ ದನಿ ನನಗೇ ಕಳ್ಳರ ದನಿಯಂತೆ ಕೇಳಿಸಿತು.

"ಇಂದೂ, ಅಕಿ ನಿನ್ನ ದನಿ ಗುರ್ತಾ ಹಿಡೀಲಿಲ್ಲಂತ ತಿಳದೀಯೇನ?" ಅಂದಳು ಮಾಬುಬಿ. ಬೈಯುವ ದನಿಯಲ್ಲ ಅದು. "ನಿನ್ನಿ ಮಾತಾಡಿದ್ಲು. ಊಟಾ ಮಾಡಿದೇನವಾ ಅಂತ ನಾ ಕೇಳಿದ್ರ, ಇಂದಕ್ಕ ಊಟಾ ಮಾಡ್ಯಾಳೇನು ಅಂತ ಅಕಿ ಕೇಳ್ತಾಳ. ನಾ ಏನ ಹೇಳ್ಲಿ ಅಕಿಗೆ?"

ಕೊಡ ಅಲ್ಲೇ ಬಿಟ್ಟು ಮನೆಗೆ ಬಂದೆ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂದು ದೊಡ್ಡವರು ಹೇಳಿದ್ದಾರೆ, ಖರೆ. ಆದರೆ ಆಡಬೇಕಾದ ಮಾತನ್ನು ಆಡದೆ ನುಂಗಿಕೊಂಡರೆ ಏನಾಗುತ್ತದೆ ಎಂದು ಯಾರೂ ಹೇಳಿಲ್ಲ. ಅನ್ನ ಗಂಟಲಿಗೆ ಇಳಿಯುವುದಿಲ್ಲ, ಅದಾಗುತ್ತದೆ. ಅಂದೇ ಮಂಡಳಿಗೆ ನನ್ನ ದನಿಮುದ್ರೆ ಕಳಿಸಿದೆ. ದನಿಮುದ್ರೆ ಎಂದರೆ ನಿಮ್ಮ ಹೆಬ್ಬೆಟ್ಟಿನ ಗುರುತಿದ್ದಂತೆ, ಒಬ್ಬರದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಎಂಬತ್ತಾರನೆಯ ನಿಮಿಷದ ಗದ್ದಲದಲ್ಲಿ ಇದನ್ನು ಹುಡುಕಿ ನೋಡಿರಿ; ಆ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥ, ಕೂಗಿದವಳದು ಒಂದು, ಕೇಳಿದವಳದು ಇನ್ನೊಂದು, ಕೇಳಿದವಳಿಗೆ ಅದನ್ನು ಕಲಿಸಿದವಳೂ ನಾನೇ ಎಂದು ಬರೆದೆ.

ನಿನ್ನೆ ಉತ್ತರ ಬಂತು. ನಾನಾಗಿಯೇ ಒಪ್ಪಿಕೊಂಡದ್ದರಿಂದ ಮನೆಗೆ ಬೀಗವಿಲ್ಲ, ಒಂಬತ್ತು ನಿಮಿಷವೂ ಉಳಿದಿದೆ. ನನಗೆ ಮಾತ್ರ ಬದುಕಿರುವವರೆಗೆ ಕೂಗು ನಿಷೇಧ. ಪಂದ್ಯದ ದಿನ ನನ್ನ ದನಿ ಒಂದೇ ಒಂದು ಸಲ ಕೊಂಬಿಗೆ ಬಿದ್ದರೂ ಆ ಕ್ಷಣಕ್ಕೇ ಹುಬ್ಬಳ್ಳಿಯ ಮನೆ ಮುಚ್ಚುತ್ತದೆ, ಮತ್ತೆ ತೆರೆಯುವುದಿಲ್ಲ. ರಾಬಿಯಾಳನ್ನು ಆಡಿಸುವ ಬಗ್ಗೆ ಒಂದು ಸಾಲೂ ಇಲ್ಲ. ಫಕೀರಪ್ಪ ನನ್ನೊಡನೆ ಮಾತು ಬಿಟ್ಟಿದ್ದಾನೆ. ಊರಾಚೆ ಉಣಕಲ್ಲಿಗೆ ಹೋಗಿ ಕೂತಿರಲಿ ಎಂದು ಹೇಳಿಕಳಿಸಿದ. ನಾನು ಹೋಗಲಿಲ್ಲ. ಪಟ್ಟಿಯನ್ನು ನನ್ನ ಕಿವಿಯಿಂದಲೇ ಕೇಳಬೇಕು. ಶೆಡ್ಡಿನ ಗೋಡೆಗೆ ಅಂಟಿದ್ದು ಮಾಬುಬಿಯ ಮನೆ, ಅದರ ಕಟ್ಟೆಯ ಮೇಲೆ ಕುಳಿತಿದ್ದೇನೆ. ಬೆಳಗಿನ ನೆರಳುಹೊತ್ತು ಈಗಷ್ಟೇ ಶುರುವಾಗಿದೆ. ಪಟ್ಟಿ ಓದಿ ಮುಗಿಯುವವರೆಗೆ ಹತ್ತೂ ಮನೆಗಳ ಕೊಂಬು ತೆರೆದಿರುತ್ತವೆ, ನಮ್ಮದೂ ತೆರೆದಿದೆ. ನಾನಿರುವ ಜಾಗದಿಂದ ಅದಕ್ಕೆ ಮೂವತ್ತು ಹೆಜ್ಜೆ. ಸೀನು ಬಂದರೂ ತಡೆದುಕೊಳ್ಳುತ್ತಿದ್ದೇನೆ.

ಪಟ್ಟಿ ಓದಲು ಶುರುಮಾಡಿದರು. ಓದುವವಳಿಗೆ ಅವಸರವೇ ಇಲ್ಲ. ಗೋಲ್‌ಕೀಪರಿನ ಹೆಸರು ಬಂತು. ಎರಡು ಬಂತು, ಮೂರು ಬಂತು. ರಾಬಿಯಾಳದು ಯಾವತ್ತೂ ನಾಲ್ಕನೆಯ ಹೆಸರು. ನಾಲ್ಕನೆಯದು ಬೇರೆ ಯಾರದೋ ಬಂತು. ಶೆಡ್ಡಿನೊಳಗೆ ಒಂದು ನಿಟ್ಟುಸಿರು ಕೇಳಿಸಿತು. ಗಾದಿ ಹೊಲಿಯುತ್ತ ಕೂತಿದ್ದ ಮಾಬುಬಿ ಸೂಜಿ ಕೆಳಗಿಟ್ಟಳು. ಐದು, ಆರು, ಏಳು. ನಾನು ಮೂರು ದಿನ ಮೊದಲೇ ಹೇಳಿದ್ದರೆ! ಎಂಟು. ಒಂಬತ್ತು. ಹತ್ತು.

ಹನ್ನೊಂದು, ರಾಬಿಯಾ ನದಾಫ.

ಶೆಡ್ಡಿನ ತಗಡು ಹಾರಿಹೋಗುವ ಹಾಗೆ ಕೂಗುತ್ತಿದ್ದಾರೆ. ನನ್ನ ಪಕ್ಕದಲ್ಲಿ ಮಾಬುಬಿ ಎದ್ದುನಿಂತು, ಗೋಡೆಗೆ ಎರಡೂ ಕೈ ಬಡಿಯುತ್ತ ಮಗಳ ಹೆಸರು ಕೂಗುತ್ತಿದ್ದಾಳೆ. ನಾನು ಸೆರಗು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡು, ಎಡಗೈಯಲ್ಲಿ ಅದುಮಿ ಹಿಡಿದು, ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಕಣ್ಣಲ್ಲಿ ನೀರು ಇಳಿಯುತ್ತಿದೆ, ಅದಕ್ಕೆ ನಿಷೇಧವಿಲ್ಲ. ಪಂದ್ಯ ಏನಾಗುತ್ತದೋ ಗೊತ್ತಿಲ್ಲ. ಗೆದ್ದರೂ ಸೋತರೂ ನಮ್ಮ ಪಾಲಿನ ಆ ಒಂಬತ್ತು ನಿಮಿಷ ಮತ್ತೆ ಹೀಗೇ ಕೂರಬೇಕು.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಕಾಲದಲ್ಲಿ ಈ ಹುಡುಗಿಯರು ಆಡುವಾಗ ಗ್ಯಾಲರಿಯ ಕುರ್ಚಿಗಳು ಖಾಲಿ ಬಿದ್ದಿರುತ್ತವೆ ಎಂದು ಓದಿದ್ದೇನೆ, ನಂಬಲು ಆಗಲಿಲ್ಲ. ಅಲ್ಲಿಗೆ ಹೋಗಲು ನಿಮಗೆ ಯಾರ ಅಪ್ಪಣೆಯೂ ಬೇಡ, ನಿಮ್ಮ ಗಂಟಲಿಗೆ ಯಾರೂ ಪಾಲು ಹಾಕಿಲ್ಲ. ಹೋಗಿ ಕೂತುಕೊಳ್ಳಿ. ಹೀಗಾಡು, ಹಾಗಾಡು ಅನ್ನಬೇಡಿ, ಅವರವರ ಹೆಸರು ಹಿಡಿದು ಕೂಗಿ. ಈಗ ನನ್ನ ಗಂಟಲಲ್ಲಿ ಒಂದು ಹೆಸರು ಸಿಕ್ಕಿಕೊಂಡಿದೆಯಲ್ಲ, ಅದನ್ನೂ ಸೇರಿಸಿ ಕೂಗಿಬಿಡಿ.