ಎಡಗೈಯಾಗಿನ ಲಿಂಗ

ಸೌಕಾರ್‌ಪೇಟೆ, ಚೆನ್ನೈ
ಸೋಮವಾರ, 17 ಫೆಬ್ರವರಿ 2025

ಸೌ. ಸರ್ವಮಂಗಳಾಗ ಪ್ರೀತಿಯ ಆಶೀರ್ವಾದ.

ಗದಗಿನ್ಯಾಗ ನೀನು ಆರಾಮ ಅದೀ ಏನು? ನಮ್ಮ ಬಾಣಂತಿ ಮಗಳು ಕೋಮಲಾ ಹೆಂಗದಾಳ? ಕೂಸು ನಿಮ್ಮನ್ನ ಮಲಗಾಕ ಬಿಡ್ತದೋ ಇಲ್ಲೋ? ನಾನಂತೂ ಚಲೋ ಅದೀನಿ. ಇದನ್ನ ಎರಡು ಸಲ ಓದಿಕೊಂಡು ಆಮ್ಯಾಲೆ ಮುಂದಕ್ಕ ಹೋಗು. ಹೋದ ವಾರ ಅಪ್ಪಗ ಗ್ಯಾಸ್ ಆಗಿತ್ತು ಅಂತ ನಿನ್ನ ಮಗ ರುದ್ರೇಶ ಫೋನಿನ್ಯಾಗ ಹೇಳ್ಯಾನಲ್ಲ, ಅದು ಸುಳ್ಳು. ನಿನ್ನ ಗಂಡನ ಎದಿ ಬಡಿತಾನೇ ನಿಂತಿತ್ತು.

ಮಧ್ಯಾಹ್ನ ಸೀರಿ ಅಂಗಡಿಯಿಂದ ಊಟಕ್ಕ ಮ್ಯಾಲೆ ಬಂದು ಕೈ ತೊಳಕೊಂಡೆ, ಅಷ್ಟ ನೆನಪು. ರುದ್ರೇಶ ಮಾಲು ಕೊಡಾಕ ತಾಂಬರಂಗೆ ಹೋಗಿದ್ದ. ಮನ್ಯಾಗ ಸೊಸಿ ಜ್ಯೋತಿ ಒಬ್ಬಾಕಿ. ನಿನಗ ಗೊತ್ತಲ್ಲ, ಮದುವಿ ಆದಾಗಿಂದ ನನ್ನ ಮುಂದ ತಲಿ ಮ್ಯಾಲಿನ ಸೆರಗು ಇಳಿಸಿದಾಕಿ ಅಲ್ಲ, ರೊಟ್ಟಿ ಬೇಕೇನು ಅಂತ ಕೇಳೂದೂ ಬಾಗಿಲ ಮರಿಯಿಂದ. ಅಂಥಾಕಿ, ಬಿದ್ದ ಮಾವ ಕರದರ ಓ ಅನ್ನವಲ್ಲ, ಉಸಿರಾಡವಲ್ಲ ಅಂತ ಕಂಡಕೂಡಲೇ ಬಾಜೂಮನಿ ಪ್ರೇಮಮ್ಮನ್ನ ಕೂಗಿ 108ಕ್ಕ ಫೋನ್ ಹಚ್ಚಿಸಿ, ನನ್ನ ಮಗ್ಗಲಿಗೆ ಮಂಡಿ ಊರಿ ಕುಂತಳಂತ. ಎದಿ ಒತ್ತೂದನ್ನ ಮೊಮ್ಮಗನ ಸಾಲ್ಯಾಗ ತಾಯಂದಿರಿಗೆ ಕಲಿಸಿದ್ದರಂತ. ಆದರ ಅಂಗೈ ಊರಬೇಕಾದ ಜಾಗದಾಗ ನನ್ನ ಇಷ್ಟಲಿಂಗ! ಅದರ ಮ್ಯಾಲೆ ಭಾರ ಹಾಕೂದು ಹೆಂಗ, ಜೀವ ಇರೋತನಕ ಮೈ ಬಿಡಬಾರದ್ದನ್ನ ತಗಿಯೂದು ಹೆಂಗ? ಮರುಗಳಿಗೆ ಶಿವದಾರ ಕೊರಳಿಂದ ತಗದು, ಲಿಂಗಾನ ನನ್ನ ಎಡಗೈಯಾಗ ಇಟ್ಟು, ಮುಷ್ಟಿ ಬಿಚ್ಚದಂಗ ಹಿಡಕೋರಿ ಅಂತ ಪ್ರೇಮಮ್ಮಗ ಹೇಳಿ ಒತ್ತಾಕ ಹತ್ಯಾಳ. ಫೋನಿನ್ಯಾಗಿನ ಹೆಣ್ಣುಮಗಳು "ವಿಡಾಮ ಅಮುಕ್ಕುಂಗಮ್ಮಾ," ಬಿಡದ ಒತ್ರಿ, ಅಂತಿದ್ದಳಂತ. ಆಂಬುಲೆನ್ಸಿನವರು ಬಂದು ಶಾಕ್ ಕೊಡೋತನಕ ನಮ್ಮ ಜ್ಯೋತಿ ಕೈ ನಿಲ್ಲಲಿಲ್ಲ.

ದವಾಖಾನ್ಯಾಗ ಕಣ್ಣು ಬಿಟ್ಟೆ. ಅಂಗೈಯಾಗ ಲಿಂಗ ಅದ, ಪೂಜಾಕ್ಕ ಕುಂತೀನಿ ಅನಕೊಂಡು ನರ್ಸಮ್ಮಗ ವಿಭೂತಿ ತಾ ಅಂದೆ! ಮುಷ್ಟಿ ಸಡಿಲಾಗಬಾರದಂತ ಜ್ಯೋತಿ ತನ್ನ ಸೆರಗಿನ ಅಂಚು ಹರದು ಕಟ್ಟಿದ್ದಳು. ಎರಡು ಪಕ್ಕೆಲುಬು ಮುರದಾವ, ನಕ್ಕರ ನೋಯ್ತಾವ. ಆದರೂ ನಿನ್ನೆ ಮನಿಗೆ ಬಂದಾಗಿಂದ ನಗಾಕತ್ತೀನಿ. ಆಕಿ ಒತ್ತದಿದ್ದರ ನಮ್ಮ ಕೈಯಾಗ ಏನೂ ಉಳೀತಿರಲಿಲ್ಲ ಅಂತ ಡಾಕ್ಟರು ಹೇಳಿದರು.

ಕೂಸಿಗೆ ಅಜ್ಜನ ಮುತ್ತು, ಕೋಮಲಾಗ ಆಶೀರ್ವಾದ.

ಉಸಿರಾಡಕೋತ ಇರೋ ನಿನ್ನ
ಗುರುಬಸಪ್ಪ

ತಾ.ಕ.: ಇದರ ಫೋಟೋ ಹೊಡದು ರುದ್ರೇಶ ಈಗಲೇ ನಿನ್ನ ಫೋನಿಗೆ ಹಾಕ್ತಾನ. ಜ್ಯೋತಿ ಮತ್ತ ಬಾಗಿಲ ಮರೀಗೆ ಹೋಗಿ ನಿಂತಾಳ. ಲಿಂಗ ತಗದೆ, ಮಾವನ ಮುಂದ ಸೆರಗು ಬಿಟ್ಟೆ, ಅತ್ತಿಯವರು ಏನಂತಾರೋ ಅಂತ ಅಳತಾಳ. ನಾ ಹೇಳಿದರ ಕೇಳವಲ್ಲಳು. ಆ ಸೆರಗಿನ ನೇಮ ಹಾಕಿದಾಕಿ ನೀನು. ಓದಿದಕೂಡಲೇ ನನಗಲ್ಲ, ಆಕಿಗೆ ಫೋನ್ ಮಾಡು. ಮಾವನ ಜೋಡಿ ಕುಂತು ಉಣ್ಣು ಮಗಳ, ಅನ್ನು. ಎರಡು ತಾಟು ಹಾಕಿಕೊಂಡು ಕುಂತೀನಿ, ರೊಟ್ಟಿ ಆರಾಕತ್ತಾವ.